ಬಾಯಿ ಭೋಂಗಾದ ಆಯಿ

ಬಾಯಿಯಿಂದ ಭೋಂಗಾ, ಅಂದರೆ ಕಾರಖಾನೆಯ ಸೈರನ್, ಊದುವ ಹೆಂಗಸನ್ನು ನೀವು ಯಾರೂ ಕಂಡಿರಲಿಕ್ಕಿಲ್ಲ. ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಎಪ್ಪತ್ತರ ದಶಕದ ಬಹುಭಾಗ ಆ ಭೋಂಗಾಕ್ಕೆ ಎದ್ದು, ಆ ಭೋಂಗಾಕ್ಕೆ ಉಂಡು, ಆ ಭೋಂಗಾಕ್ಕೆ ಕೈಯಲ್ಲಿದ್ದ ಕೆಲಸ ಬಿಟ್ಟಿದ್ದೇನೆ. ಮೊನ್ನೆ ಬಸವನ ಬಾಗೇವಾಡಿಯ ಕಡೆಯಿಂದ ಬಂದ ಗೆಳೆಯನೊಬ್ಬ ಮಾತಿನ ನಡುವೆ, ಡೋಣಿ ದಂಡೆಯ ಹಳೇ ಜಿನ್ನಿನ ಗೋಡೆಗಳು ಇನ್ನೂ ನಿಂತಿವೆ, ಗೇಟಿಗೆ ಈಗಲೂ ಕೀಲಿ ಬಿದ್ದಿಲ್ಲ ಅಂದ. ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಗೇಟಿನ ಹಿಂದೆಯೇ ಆಕೆಯೂ ನೆನಪಾದಳು. ಆಕೆಗೆ ಒಂದು ಚೆಂದದ ಹೆಸರಿತ್ತು, ಆದರೆ ಹೆಸರು ಹಿಡಿದು ಕರೆಯುವ ಧೈರ್ಯ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಎಲ್ಲರೂ ಆಯಿ ಅನ್ನುತ್ತಿದ್ದರು. ನಾನೂ ಇಲ್ಲಿ ಹಾಗೇ ಅನ್ನುತ್ತೇನೆ; ಈಗ ಹೆಸರು ಹೇಳಿದರೂ ಎಲ್ಲಿಂದಲಾದರೂ ಬಂದು ಬೈದಾಳೆಂಬ ಅಂಜಿಕೆ ನನಗಿದೆ.

ಮೊದಲು ಜಿನ್ನಿನ ವಿಷಯ ಹೇಳಿಬಿಡುತ್ತೇನೆ. ಹತ್ತಿಯಿಂದ ಕಾಳು ಬಿಡಿಸಿ ಅರಳೆ ಮಾಡುವ ಕಾರಖಾನೆಗೆ ನಮ್ಮ ಕಡೆ ಜಿನ್ನು ಅಂತಲೇ ಹೆಸರು. ಮನಗೂಳಿಯಿಂದ ಅಷ್ಟೇನೂ ದೂರವಲ್ಲದ ಒಂದು ಊರಲ್ಲಿ, ಡೋಣಿ ಹೊಳೆಯ ದಂಡೆಗೆ ಅದು ಇತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಿಂದ ಚಕ್ಕಡಿಗಟ್ಟಲೆ ಹತ್ತಿ ಬಂದು ಬೀಳುತ್ತಿತ್ತಂತೆ. ನಾನು ಹೋಗುವ ಹೊತ್ತಿಗೆ ಅದೆಲ್ಲ ಮುಗಿದುಹೋಗಿತ್ತು. ಉಳಿದದ್ದು ಉದ್ದುದ್ದ ತಗಡಿನ ಗೋದಾಮುಗಳು, ತಣ್ಣಗಾದ ಬಾಯ್ಲರು, ಗೂಡುಗೂಡಾಗಿ ಜಂತಿಗೆ ಅಂಟಿದ ಅರಳೆ, ಮತ್ತೆ ಆಯಿ.

ಆಯಿ ಅಲ್ಲಿ ಹೆಣ್ಣಾಳುಗಳ ಮುಕಾದಮಳಾಗಿದ್ದವಳು, ಅಂದರೆ ಮೇಸ್ತ್ರಿ. ಎಳೇ ವಯಸ್ಸಿಗೆ ಗಂಡನನ್ನು ಕಳಕೊಂಡು, ಗೇಟಿನ ಪಕ್ಕದ ಒಂದು ಖೋಲಿಯಲ್ಲಿ ಬಂದು ಕೂತವಳು ಅಲ್ಲೇ ತಲೆ ಹಣ್ಣು ಮಾಡಿಕೊಂಡಿದ್ದಳು. ಜಿನ್ನು ನಷ್ಟಕ್ಕೆ ಬಿದ್ದು ಮಾಲಕರಾದ ಸಾವಕಾರರು ಸೊಲ್ಲಾಪುರಕ್ಕೆ ಹೊರಟಾಗ, ಒಂದಿಷ್ಟು ಹತ್ತಿ ಇನ್ನೂ ಬಾಕಿ ಬಿದ್ದಿತ್ತು. ಅದಕ್ಕೆ ಅವರು ಗೇಟಿನಲ್ಲಿ ನಿಂತು ಆಯಿಗೆ ಒಂದು ಮಾತು ಹೇಳಿದರು: ಕೆಲಸ ನಡೆದಿರುವತನಕ ಗೇಟು ತೆರೆದಿಡು, ಕೆಲಸ ನಿಂತ ದಿನ ಕೀಲಿ ಜಡಿದು ಚಾವಿ ನನಗೆ ಕೊಟ್ಟು ಕಳಿಸು. ಆಯಿ ಆಗಲಿ ಎಂದಳು. ಸಾವಕಾರರ ಮನಸ್ಸಿನಲ್ಲಿ ಇದ್ದದ್ದು ಹೆಚ್ಚೆಂದರೆ ಒಂದು ವಾರದ ಕೆಲಸ. ಆದರೆ ಆಯಿಯ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಕೀಲಿ ಬಿದ್ದರೆ ಆಕೆ ನಿಡಗುಂದಿಯ ತಮ್ಮನ ಮನೆಗೆ ಹೋಗಬೇಕು. ತಮ್ಮನ ಹೆಂಡತಿಗೂ ಆಕೆಗೂ ಎಣ್ಣೆ ಸೀಗೆಕಾಯಿ. ಹಾಗಂತ ಕೊಟ್ಟ ಮಾತು ಮುರಿಯುವ ಪೈಕಿಯೂ ಅಲ್ಲ ಆಕೆ. ಆದ್ದರಿಂದ ಉಳಿದದ್ದು ಒಂದೇ ದಾರಿ, ಜಿನ್ನಿನಲ್ಲಿ ಕೆಲಸ ನಿಲ್ಲಬಾರದು. ಎಂಥ ಕೆಲಸ ಅಂತ ಸಾವಕಾರರು ಹೇಳಿರಲಿಲ್ಲವಲ್ಲ.

ಅಂಥಾ ಹೊತ್ತಿನಲ್ಲಿ ನಮ್ಮ ನಾಟಕ ಕಂಪನಿ ಆ ಗೇಟಿನ ಮುಂದೆ ಹೋಗಿ ನಿಂತಿತು. ಮನಗೂಳಿಯಲ್ಲಿ ಮುಕ್ಕಾಮು ಹಾಕಿದ್ದಾಗ ಬಿರುಗಾಳಿ ಬಂದು ನಮ್ಮ ಡೇರೆಯನ್ನು ಹರಿದು ಹೊಲಗಳ ಮೇಲೆ ಹರವಿಬಿಟ್ಟಿತ್ತು. ಕಿರೀಟ, ಗದೆ, ಹಾರ್ಮೋನಿಯಂ ಪೇಟಿ, ತಬಲಾ, ಒಂದು ಮುರಿದ ಸಿಂಹಾಸನ ಚಕ್ಕಡಿಯಲ್ಲಿ ಹೇರಿಕೊಂಡು ತಲೆ ಮೇಲೊಂದು ಸೂರು ಹುಡುಕುತ್ತಿದ್ದೆವು. ನಾನು ಕಂಪನಿಯ ಕವಿ, ಅಂದರೆ ನಾಟಕ ಬರೆಯುವವನು. ರಾಜನ ಪಾರ್ಟು ಮಾಡುವವ ನಮ್ಮಲ್ಲಿ ಎಲ್ಲರಿಗಿಂತ ಎತ್ತರದ ಆಳು, ಮೀಸೆಯೂ ಖಾಸಾ ಮೀಸೆ. ಅವನೇ ಮುಂದೆ ಹೋಗಿ ಕೈಮುಗಿದ. ಆಯಿ ಅವನ ಮೀಸೆಯತ್ತ ಕಣ್ಣೆತ್ತಿಯೂ ನೋಡದೆ, ನೀವು ಕೆಲಸ ಮಾಡುವ ಮಂದಿ ಹೌದೋ ಅಲ್ಲೋ ಅಂತ ಕೇಳಿದಳು. ನಾಟಕ ಮಾಡುತ್ತೇವೆ ಅಂದ ರಾಜ. ಅದು ಕೆಲಸ ಹೌದೋ ಅಲ್ಲೋ ಅಂತ ಮತ್ತೆ ಕೇಳಿದಳು. ಹಸಿದ ಹೊಟ್ಟೆಯ ರಾಜ ಹೌದ್ರಿ ಹೌದ್ರಿ ಅಂದ.

"ಹಂಗಾರ ಒಳಗ ಬರ್ರಿ. ಬಾಡಿಗಿ ಗೀಡಿಗಿ ಏನೂ ಬ್ಯಾಡ. ಕೆಲಸ ಮಾಡಬೇಕು, ಅಷ್ಟ," ಅಂದಳು ಆಯಿ.

ಬಾಡಿಗೆ ಬೇಡವೆಂದರೆ ಯಾರು ಬಿಡುತ್ತಾರೆ? ಸುದ್ದಿ ಹಬ್ಬಿತು. ಸಿಂದಗಿಯಿಂದ ನಾಟಕದ ಪರದೆ ಬರೆಯುವ ಪೇಂಟರ ಬಂದು ಅರಳೆಯ ಮೂಟೆ, ಅಂದರೆ ಗಾಂಠು, ಬಿಗಿಯುತ್ತಿದ್ದ ಪ್ರೆಸ್ಸಿನ ಖೋಲಿ ಹಿಡಿದ. ಲಚ್ಯಾಣದ ಕಡೆಯ ಒಬ್ಬ ಗವಾಯಿ ತಂಬೂರಿ ಹೊತ್ತುಕೊಂಡು ಬಂದು, ಹತ್ತಿಕಾಳು ತುಂಬುತ್ತಿದ್ದ ಕೋಣೆಯಲ್ಲಿ ದನಿ ಚೆಂದ ಮೊಳಗುತ್ತದೆ ಅಂತ ಅಲ್ಲೇ ಚಾಪೆ ಹಾಸಿದ. ಆಮೇಲೆ ಮದುವೆ ಬ್ಯಾಂಡಿನವರು, ಗಣಪತಿ ಮಾಡುವವರು, ಬಣ್ಣದ ವೇಷ ಹೊಲಿಯುವವರು. ನಾಲ್ಕು ತಾಲೂಕಿನಲ್ಲಿ ಎಲ್ಲಿ ಹಳ್ಳಿಯವರು ನಾಟಕ ಹೂಡಿದರೂ, ಪರದೆಗೆ ಇಲ್ಲಿಗೆ, ಪೇಟಿ ಮಾಸ್ತರನಿಗೆ ಇಲ್ಲಿಗೆ, ಬಾಡಿಗೆ ಕಿರೀಟಕ್ಕೂ ಇಲ್ಲಿಗೇ ಬರತೊಡಗಿದರು. ಜಿನ್ನಿನ ಓಣಿ ಹೋಗಿ ನಾಟಕದ ಓಣಿ ಆಯಿತು. ಊರಿನ ಹಿರಿಯರು ಮೊದಮೊದಲು ಮೂಗು ಮುರಿದರು, ಆಮೇಲೆ ಚಹಾ ಕುಡಿಯಲಿಕ್ಕೆ ಬಂದು ಕೂತರು. ಡೋಣಿಯ ನೀರು ಉಪ್ಪು, ಅದರ ಚಹಾ ಅದೆಂಥ ಚಹಾ ಅಂತ ಕೇಳಬೇಡಿ. ಕುಡಿಯುತ್ತಿದ್ದೆವು.

ಈ ಎಲ್ಲ ಕಲಾವಿದರೂ ಕಲಾವಿದರೆಂಬುದು ಆಯಿಗೆ ಕೊನೆಯತನಕ ಒಪ್ಪಿಗೆಯಾಗಲಿಲ್ಲ. ಆಕೆಗೆ ನಾವು ಪಾಳಿಗೆ ಬಂದ ಆಳುಗಳು. ಮುಂಜಾನೆ ಭೋಂಗಾ, ಮಧ್ಯಾಹ್ನ ಊಟಕ್ಕೆ ಭೋಂಗಾ, ಸಂಜೆ ಕೆಲಸ ಬಿಡಲಿಕ್ಕೆ ಭೋಂಗಾ. ಬಾಯ್ಲರಿನಲ್ಲಿ ಉಗಿ ಇಲ್ಲದ್ದರಿಂದ ಅಸಲಿ ಭೋಂಗಾ ಮೂಕಾಗಿತ್ತು. ಆಯಿ ಮಷೀನಿಗೆ ಎಣ್ಣೆ ಹಾಕುವ ತಗಡಿನ ಲಾಳಿಕೆಯನ್ನು ಬಾಯಿಗೆ ಹಿಡಿದು, ಸೊಂಟಕ್ಕೆ ಕೈಕೊಟ್ಟು, ಗೇಟಿನ ಕಟ್ಟೆ ಹತ್ತಿ "ಭೋಂ" ಅಂತ ಎಳೆಯುತ್ತಿದ್ದಳು. ಒಂದೇ ಉಸಿರು. ಸುರುವಿಗೆ ಗೊಗ್ಗರು, ನಡುವೆ ಏರು, ಕಡೆಗೆ ಇಳಿದು ಇಳಿದು ಹೊಳೆಯ ಆಚೆ ದಂಡೆಗೆ ಹೋಗಿ ಮುಗಿಯುವುದು. ಮೊದಲ ದಿನ ನಾವು ನಕ್ಕೆವು. ಊರವರು ನಗಲಿಲ್ಲ. ಅವರು ಅದಕ್ಕೇ ಎಮ್ಮೆ ಹಿಂಡುತ್ತಿದ್ದರು, ಮಕ್ಕಳನ್ನು ಸಾಲಿಗೆ ಅಟ್ಟುತ್ತಿದ್ದರು. ಮುದ್ದೇಬಿಹಾಳದ ಬಸ್ಸಿನ ಡ್ರೈವರ್ ಕೂಡ ಚಹಾದ ಬಟ್ಟಲು ಕೆಳಗಿಟ್ಟು ಏಳುತ್ತಿದ್ದ. ಗವಾಯಿ ಒಂದು ದಿನ ಪೇಟಿ ತರಿಸಿ ನೋಡಿ, ಆಯಿಯ ದನಿ ಕಪ್ಪು ಒಂದಕ್ಕೆ, ಅಂದರೆ ಪೇಟಿಯ ಮೊದಲ ಕರೀ ಮನೆಯ ಸ್ವರಕ್ಕೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ ಎಂದು ಸಾರಿದ. ಅಂದಿನಿಂದ ಅವನು ತಂಬೂರಿಯ ತಂತಿ ಬಿಗಿಯುತ್ತಿದ್ದದ್ದು ಆ ಭೋಂಗಾಕ್ಕೇ.

ಆಯಿಗೆ ಓದು ಬರಹ ಇರಲಿಲ್ಲ, ಹಾಜರಿ ಪುಸ್ತಕವೂ ಇರಲಿಲ್ಲ. ಹಾಜರಿ ಹಾಕುವುದಕ್ಕೆ ಆಕೆಯ ತೋರುಬೆರಳೇ ಸಾಕು. ಊಟದ ಭೋಂಗಾ ಆದಕೂಡಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹಣೆ ಮೇಲೆ ಬೆರಳು ಆಡಿಸುತ್ತಿದ್ದಳು. ಬೆವರು ಹತ್ತಿದರೆ "ಹಾಜರ". ಒಣಗಿದ್ದರೆ "ಗೈರ". ಜಿನ್ನಿನ ಕಾಲದಿಂದ ಬಂದ ರಿವಾಜು ಅದು. ಗೈರಾದವರು ಹೊಳೆಯಿಂದ ನೀರು ಹೊರಬೇಕು. ಕಿರೀಟ ಹೊತ್ತವ, ತಂಬೂರಿ ಹೊತ್ತವ ಯಾರೂ ಈ ಕಾನೂನಿಗೆ ಹೊರಗಿರಲಿಲ್ಲ.

ರಾಜನಿಗೆ ಏನೂ ತ್ರಾಸಿರಲಿಲ್ಲ. ದಿನಾ ರಾಕ್ಷಸನನ್ನು ಕೊಲ್ಲುವ ತಾಲೀಮು, ಬೆವರು ಧಾರಾಕಾರ. ಆದರೆ ಆಯಿಗೆ ಅವನ ಮೇಲೂ ಒಂದು ತಕರಾರು. ನಿನ್ನೆ ಕೊಂದ ರಾಕ್ಷಸನನ್ನು ಇವತ್ತು ಮತ್ತೆ ಕೊಲ್ಲುವುದೆಂದರೆ ನಿನ್ನೆಯ ಕೆಲಸ ಕಚ್ಚಾ ಆಯಿತಲ್ಲವೇ, ಬಿಗಿದ ಗಾಂಠನ್ನೇ ಮತ್ತೆ ಬಿಗಿಯುವ ಆಳನ್ನು ತಾನು ಇಟ್ಟುಕೊಂಡವಳೇ ಅಲ್ಲ ಅಂತ. ರಾಜ ಪಾಪ ತನ್ನ ಘನಗಂಭೀರ ದನಿಯಲ್ಲಿ ತಾಲೀಮು ಅಂದರೇನೆಂದು ವಿವರಿಸಿದ. ಆಯಿ ಪೂರ್ತಿ ಕೇಳಿ, ನಾಳೆ ಸರಿಯಾಗಿ ಕೊಂದುಬಿಡು, ಮತ್ತೆ ಏಳಬಾರದು ಅಂದಳು.

ಪೇಂಟರ ಒಂದು ಅರಮನೆಯ ಪರದೆ ಬರೆಯುತ್ತಿದ್ದ. ಕಂಬ, ಕಮಾನು, ಕಾರಂಜಿ, ನವಿಲು. ಆಯಿ ದಿನಾ ಅದರ ಮುಂದೆ ನಿಂತು ಏನೋ ಹುಡುಕುತ್ತಿದ್ದಳು. ಕಡೆಗೊಂದು ದಿನ ಕೇಳಿದಳು, ಇಷ್ಟು ದೊಡ್ಡ ಬಾಗಿಲಿಗೆ ಚಿಲಕ ಎಲ್ಲಿ, ಕೀಲಿ ಎಲ್ಲಿ? ಪೇಂಟರ ನಕ್ಕು ನವಿಲಿಗೆ ಬಣ್ಣ ತುಂಬುತ್ತ ಹೋದ. ಕೀಲಿ ಬರೆಯುವತನಕ ಅವನಿಗೆ ಹಣೆಯಲ್ಲಿ ಬೆವರಿದ್ದರೂ ಗೈರು. ಹೊಳೆಗೆ ಅಲೆದಲೆದು ಸಾಕಾಗಿ ಅವನು ನವಿಲಿನ ಪಕ್ಕ ಒಂದು ಗೋದಾಮಿನ ಕೀಲಿ ಬರೆದ, ತೆಂಗಿನಕಾಯಿಯಷ್ಟು ದೊಡ್ಡದು. ಸಿಂದಗಿಯಲ್ಲಿ ಆ ಪರದೆ ಬಿಟ್ಟ ದಿನ ರಾಜ, "ದ್ವಾರಪಾಲಕಾ, ಬಾಗಿಲು ತೆರೆ" ಎಂದು ಗುಡುಗಿದಾಗ ಹಿಂದಿನ ಸಾಲಿನಿಂದ ಯಾರೋ, ಚಾವಿ ಮುಕಾದಮಳ ಹತ್ತಿರ ಇದೆ ಅಂತ ಕೂಗಿದರು. ಆ ದೃಶ್ಯ ಅಲ್ಲಿಗೇ ಮುಗಿಯಿತು. ನಾನು ಬರೆದ ಒಳ್ಳೇ ದೃಶ್ಯ ಅದು.

ಗವಾಯಿ ಆಲಾಪ ಸುರುಮಾಡಿದರೆ ಆಯಿ ಬಾಗಿಲಲ್ಲಿ ನಿಂತು ಕನಿಕರದಿಂದ ನೋಡುತ್ತಿದ್ದಳು. ಏನು ಹೇಳಬೇಕೋ ಹೇಳಿಬಿಡು, ಯಾಕೆ ಇಷ್ಟು ತಡವರಿಸುತ್ತೀ, ನಾವೇನು ಹೊರಗಿನವರೇ ಅಂತ ಸಮಾಧಾನ ಮಾಡುತ್ತಿದ್ದಳು. ಆದರೆ ಆ ಮನುಷ್ಯ ಬೆವರುತ್ತಿದ್ದ ರೀತಿಗೆ ಆಕೆ ಮಾರುಹೋಗಿದ್ದಳು. ಕುಳಿತಲ್ಲಿಂದ ಏಳದೆ, ಒಂದು ಕಡ್ಡಿ ಎತ್ತಿಡದೆ, ಅಂಗಿ ಹಿಂಡುವಷ್ಟು ಬೆವರು. ಇಡೀ ಜಿನ್ನಿನಲ್ಲಿ ಇಂಥ ಆಳು ಇನ್ನೊಬ್ಬನಿಲ್ಲ ಅಂತ ಊರಲ್ಲೆಲ್ಲ ಹೇಳಿಕೊಂಡು ಬಂದಳು.

ಇನ್ನು ನನ್ನ ಪಾಡು. ಕವಿಯ ಹಣೆಯಲ್ಲಿ ಬೆವರು ಎಲ್ಲಿಂದ ಬರಬೇಕು? ನಾನು ಬೇವಿನ ಗಿಡದ ನೆರಳಿಗೆ ಒಂದು ಮುರುಕು ಕುರ್ಚಿ ಹಾಕಿ, ತೊಡೆ ಮೇಲೆ ಹಲಗೆ ಇಟ್ಟುಕೊಂಡು ಕೂಡುತ್ತಿದ್ದೆ. ಒಂದು ಸಾಲು ಬರೆಯುವುದು, ಎರಡು ಸಾಲು ಹೊಡೆಯುವುದು, ಉಳಿದ ಹೊತ್ತು ಹೊಳೆ ನೋಡುವುದು. ಆಯಿ ಅತ್ತಿಂದಿತ್ತ ಓಡಾಡುವಾಗೆಲ್ಲ ನನ್ನತ್ತ ಒಂದು ನೋಟ ಎಸೆಯುತ್ತಿದ್ದಳು. ಊಟದ ಭೋಂಗಾ ಆಗುತ್ತಿತ್ತು, ಬೆರಳು ಬರುತ್ತಿತ್ತು, "ಗೈರ". ದಿನಾ ಗೈರ. ಆ ವರ್ಷಗಳಲ್ಲಿ ನಾನು ಬರೆದ ಶಾಯಿಗಿಂತ ಹೊತ್ತ ನೀರು ಹೆಚ್ಚು. ನನಗೂ ಸಿಟ್ಟು ಬರುತ್ತಿತ್ತು. ಇವರೆಲ್ಲ ಬಾಯಿಬಿಟ್ಟು ಆಡುವ ಮಾತು ನನ್ನದು, ಇವರು ಹಾಜರು, ನಾನು ಗೈರು, ಇದು ಎಲ್ಲಿಯ ನ್ಯಾಯ ಅಂತ ಒಂದು ದಿನ ಜಗಳಕ್ಕೇ ಹೋದೆ. ಮಾತಿಗೆ ಬೆವರು ಬರುವುದಿಲ್ಲ, ಕೊಡ ತಗೋ ಅಂದಳು.

ಸರಿ, ಒಂದು ದಿನ ಮರೆಯಲ್ಲಿ, ಮಳೆಗೆ ಹಿಡಿದಿಟ್ಟ ಕೊಡದ ನೀರು ಹಣೆಗೆ ಹಚ್ಚಿಕೊಂಡು ಸಾಲಿನಲ್ಲಿ ನಿಂತೆ. ಆಯಿ ಬೆರಳು ಆಡಿಸಿದಳು. ಒದ್ದೆ. ಅನುಮಾನ ಬಂತು, ಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸಿದಳು. "ಉಪ್ಪಿಲ್ಲ," ಅಂದಳು. ಮರುದಿನ ನಾನು ಇನ್ನೂ ಶಾಣ್ಯಾ ಆಗಿ ಸೀದಾ ಡೋಣಿಗೆ ಹೋಗಿ ಉಪ್ಪು ನೀರು ಹಚ್ಚಿಕೊಂಡು ಬಂದೆ. ಬೆರಳು, ನಾಲಿಗೆ, ಎರಡೂ ಆಯಿತು. ಆಯಿ ಥೂ ಅಂತ ಉಗುಳಿ, ಬೆವರಿನಲ್ಲಿ ಉಸುಕು ಇರುವುದಿಲ್ಲ ಅಂದಳು. ಅವತ್ತು ಇಡೀ ಬ್ಯಾಂಡಿನವರ ಸ್ನಾನದ ನೀರೂ ನನ್ನ ಪಾಲಿಗೇ ಬಂತು.

ಇಷ್ಟರಲ್ಲಿ ಬಸ್ಸಿನ ಡ್ರೈವರ್ ಒಂದು ಸುದ್ದಿ ತಂದ. ಸಾವಕಾರರು ನಾಳೆ ಬರುತ್ತಾರೆ, ಜೊತೆಗೆ ಮೋಡಕಾ ಸಾಮಾನಿನ, ಅಂದರೆ ಗುಜರಿಯ, ವ್ಯಾಪಾರಿಯೂ ಇದ್ದಾನೆ. ಜಿನ್ನು ನಿಂತಿದ್ದರೆ ಮಷೀನು ಬಿಚ್ಚಿ ಮಾರಿ, ಜಾಗಕ್ಕೆ ಕೀಲಿ ಜಡಿಯುವುದು ಅವರ ವಿಚಾರ. ಕೇಳಿದವರ ಮುಖವೆಲ್ಲ ಬಾಡಿತು. ನಮಗೆ ಇನ್ನೊಂದು ಸೂರು ಎಲ್ಲಿ? ಆಯಿಗಾದರೂ ಎಲ್ಲಿ?

ರಾಜ ಎದೆ ಉಬ್ಬಿಸಿ ಎದ್ದುನಿಂತ. ನಾವು ಯಾರು, ನಟರು. ನಾಳೆ ಒಂದು ದಿನ ಜಿನ್ನಿನ ಆಳುಗಳಾಗಿ ನಟಿಸಿದರೆ ಮುಗಿಯಿತು ಅಂದ. ಎಲ್ಲರಿಗೂ ಹುರುಪು ಬಂತು. ಪೇಂಟರ ಒಂದು ಪರದೆಯ ತುಂಬ ಹತ್ತಿಯ ರಾಶಿ ಬರೆಯಲಿಕ್ಕೆ ಕೂತ. ಬ್ಯಾಂಡಿನ ಡೋಲಿನವ ಮಷೀನಿನ ಸಪ್ಪಳ ಮಾಡುತ್ತೇನೆಂದ. ತಾಲೀಮು ಸುರುವಾಯಿತು. ರಾಜ ಹತ್ತಿಯ ಚೀಲ ಹೊತ್ತು ಬರಬೇಕು. ಅವನು ಪ್ರವೇಶಕ್ಕೆ ಒಂದು ಹಾಡುವ ಪದ ಬೇಕೆಂದು ಹಟ ಹಿಡಿದ. ಪದ ಇಲ್ಲದೆ ತಾನು ಇಂದಿನತನಕ ಒಳಗೆ ಬಂದದ್ದೇ ಇಲ್ಲವಂತೆ. ಆಮೇಲೆ ಚೀಲ ಹೊತ್ತು, ಕಣ್ಣು ಕೆಂಪಗೆ ಮಾಡಿ, ಚೀಲಕ್ಕೆ "ಎಲೈ ಹತ್ತಿಯೇ" ಎಂದು ಸುರುಮಾಡಿದ. ಆಯಿ ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಒಳಗೆ ಬಂದು ಅವನ ತಲೆ ಮೇಲಿನ ಚೀಲ ಕಿತ್ತು ನೆಲಕ್ಕೆ ಒಗೆದಳು.

"ಸುಳ್ಳ ಕೆಲಸ ನನ್ನ ಜಿನ್ನಿನ್ಯಾಗ ನಡಿಯೂದಿಲ್ಲ. ನಾಳೆ ದಿನದಂಗ ಅವರವರ ಕೆಲಸ ಅವರವರು ಮಾಡ್ರಿ," ಅಂದಳು.

ಸಂಜೆ ಹೊತ್ತು ಮುಳುಗುವಾಗ ನಾನು ಬೇವಿನ ಗಿಡದ ಬುಡದಲ್ಲಿ ಕೂತಿದ್ದೆ. ಆಯಿ ಸೀರೆಯ ಸೆರಗಿನಿಂದ ಮಷೀನಿನ ಧೂಳು ಒರೆಸಿ ಒರೆಸಿ ಸೋತು ಬಂದು ನನ್ನ ಪಕ್ಕ ಕೂತಳು. ಆಕೆ ಕೂತದ್ದನ್ನು ನಾನು ನೋಡಿದ್ದೇ ಅಪರೂಪ. ಸುಮಾರು ಹೊತ್ತು ಹೊಳೆ ನೋಡಿದಳು. ಆಮೇಲೆ ದನಿ ಇಳಿಸಿ ಕೇಳಿದಳು.

"ಏ ಕವಿ, ನೀವು ಮಾಡೂದು ಖರೇನ ಕೆಲಸ ಹೌದೋ ಅಲ್ಲೋ? ನನಗ ತಿಳಿಯೂದಿಲ್ಲ. ಸಾವಕಾರಗ ನಾ ಇಷ್ಟ ವರ್ಷ ಸುಳ್ಳ ಹೇಳಿಲ್ಲ. ಅಲ್ಲ ಅನ್ನೂದಾದ್ರ ಈಗ ಹೇಳಿಬಿಡು, ನಾಳೆ ನಾನ ಕೀಲಿ ಹಾಕ್ತೇನಿ."

ನಾನು ಹೌದು ಅನ್ನಬಹುದಿತ್ತು. ಅಷ್ಟು ನಾಟಕ ಬರೆದವನಿಗೆ ಒಂದು ಹೌದು ದೊಡ್ಡದಲ್ಲ. ಆದರೆ ಆ ಮುದುಕಿಗೆ ಸುಳ್ಳು ಹೇಳುವುದು ಹೇಗೆ? ಕೂತು ಹೊಳೆ ನೋಡುವುದು ಕೆಲಸವೋ ಅಲ್ಲವೋ ಎಂದು ನಾನೂ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೆ. "ನನಗೂ ಗೊತ್ತಿಲ್ಲ ಆಯಿ," ಅಂದೆ. ಆಯಿ ಬೈಯಲಿಲ್ಲ. ಮೊಣಕಾಲು ಹಿಡಿದು ಎದ್ದು, ಸೆರಗಿನ ಗಂಟಿನಲ್ಲಿದ್ದ ಗೇಟಿನ ದೊಡ್ಡ ಚಾವಿಯನ್ನು ಮುಟ್ಟಿ ನೋಡಿಕೊಂಡು ಖೋಲಿಗೆ ಹೋದಳು. ನನಗೆ ಬಹಳ ಸಂಕಟವಾಯಿತು.

ಮರುದಿನ ಬಿಸಿಲೇರುವ ಹೊತ್ತಿಗೆ ಸಾವಕಾರರು ಬಂದರು. ಬಿಳೀ ಧೋತರ, ಕರೀ ಟೊಪ್ಪಿಗೆ, ಕೈಯಲ್ಲಿ ಬೆತ್ತ. ಹಿಂದೆ ವ್ಯಾಪಾರಿ, ಬಂದವನೇ ಕಬ್ಬಿಣವನ್ನು ಬೆರಳಿನಿಂದ ತಟ್ಟಿ ತಟ್ಟಿ ನೋಡತೊಡಗಿದ. ಆಯಿ ಸಾವಕಾರರಿಗೆ ಬಾಗಿ ಶರಣು ಮಾಡಿ, ಅವರನ್ನು ಮುಂದೆ ಬಿಟ್ಟುಕೊಂಡು ನಡೆದಳು. ಪ್ರೆಸ್ಸಿನ ಖೋಲಿಯಲ್ಲಿ ಪೇಂಟರ ಕಾಡು ಬರೆಯುತ್ತಿದ್ದ; ಹುಲಿಯ ಕೊರಳಿಗೂ ಅವನು ಅಂಜಿ ಒಂದು ಕೀಲಿ ಹಾಕಿದ್ದ. ಕಾಳಿನ ಕೋಣೆಯಲ್ಲಿ ಗವಾಯಿ ಕಣ್ಣುಮುಚ್ಚಿ ಬೆವರುತ್ತಿದ್ದ. ದೊಡ್ಡ ಗೋದಾಮಿನಲ್ಲಿ ರಾಜ ರಾಕ್ಷಸನನ್ನು ಕೆಡವಿ, ಆಯಿಯನ್ನು ಕಂಡು, ಮತ್ತೆ ಏಳದ ಹಾಗೆ ಇನ್ನೆರಡು ಏಟು ಹೆಚ್ಚು ಹಾಕಿದ. ರಾಕ್ಷಸ ಖರೇನೇ ಅತ್ತ. ಸಾವಕಾರರು ಇದೆಲ್ಲ ನೋಡಿ, ಇದೇನು ಅಂತ ಕೇಳಿದರು. ಆಯಿ ಎಲ್ಲ ಕಡೆಗೂ ಒಂದೇ ಮಾತು, "ಕೆಲಸರಿ." ಆದರೆ ಆ ದನಿಯಲ್ಲಿ ದಿನದ ಗತ್ತು ಇರಲಿಲ್ಲ. ಕೈ ಸೆರಗಿನ ಗಂಟಿನ ಮೇಲೇ ಇತ್ತು.

ಕಡೆಗೆ ನನ್ನ ಗಿಡದ ಬುಡಕ್ಕೆ ಬಂದರು. ನಾನು ತೊಡೆ ಮೇಲೆ ಹಲಗೆ ಇಟ್ಟುಕೊಂಡು ಕೂತಿದ್ದೆ. ಹಾಳೆಯ ಮೇಲೆ ಒಂದಕ್ಷರವೂ ಇರಲಿಲ್ಲ. ವ್ಯಾಪಾರಿ ನಕ್ಕು, ಇಲ್ಲಿ ನೋಡ್ರಿ, ನೆರಳಿಗೆ ಕೂತ ಆಳು ಅಂದ. ಸಾವಕಾರರು ಬೆತ್ತದಿಂದ ನನ್ನತ್ತ ತೋರಿಸಿದರು.

"ಮುಕಾದಮ, ಇಂವಾ ಏನ ಕೆಲಸ ಮಾಡಾಕತ್ತಾನ?"

ಆಯಿ ನನ್ನನ್ನು ನೋಡಿದಳು. ದಿನಾ ಗೈರು ಹಾಕಿಸಿಕೊಂಡವನು ನಾನು. ಎಲ್ಲರ ತಾಳ, ತಂಬೂರಿ, ಗದೆ ನಿಂತು ಗೋದಾಮುಗಳ ಬಾಗಿಲಲ್ಲಿ ತಲೆಗಳು ಕಂಡವು. ಇದೊಂದು ಮಾತಿಗೆ ಗೇಟು ಮುಚ್ಚುತ್ತದೆ, ಅದೂ ನನ್ನ ಹಣೆಯಿಂದ. ಆಯಿಯ ಬೆರಳು ರೂಢಿಯಂತೆ ಎದ್ದು ಬಂದು ನನ್ನ ಹಣೆಯ ಮೇಲೆ ಆಡಿತು. ಆಡಿದ್ದು ಅಲ್ಲೇ ನಿಂತಿತು. ಆಕೆ ಬೆರಳನ್ನು ಕಣ್ಣ ಮುಂದೆ ಹಿಡಿದಳು, ನಾಲಿಗೆಗೆ ಮುಟ್ಟಿಸಿದಳು, ಮತ್ತೆ ಒಂದು ಸಲ ಮುಟ್ಟಿಸಿದಳು. ಬೆವರು ನನ್ನ ಹುಬ್ಬು ದಾಟಿ ಹಲಗೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅಂಜಿಕೆಯ ಬೆವರು ಅದು, ನನಗೆ ಗೊತ್ತು. ಆದರೆ ಉಪ್ಪಿಗೆ ಅದೇನು ಗೊತ್ತು?

"ಉಸುಕಿಲ್ಲ, ಉಪ್ಪೈತಿ," ಅಂದಳು ಆಯಿ ತನಗೆ ತಾನೇ. ಆಮೇಲೆ ಹಳೇ ಮುಕಾದಮಳ ದನಿ ಬಂತು. "ಕುಂತಲ್ಲೇ ದುಡದಾನ್ರಿ ಸಾವಕಾರ. ಹಗಲೆಲ್ಲ ಕೈಯಾಡಿಸಿದವ್ರಿಗೂ ಇಷ್ಟ ಬೆವರ ಬಂದದ್ದ ನಾ ನೋಡಿಲ್ಲ. ಕೆಲಸ ನಡದೈತಿ. ನಿಂತಿಲ್ಲ."

ಹಾಗೆ ಹೇಳಿದವಳೇ, ರೂಢಿಯ ಕೈ, ಸಾಲಿನಲ್ಲಿ ಮುಂದಿನವರ ಹಣೆಗೆ ಹೋಯಿತು. ಮುಂದಿನವರು ಸಾವಕಾರರು. ಅರ್ಧಕ್ಕೆ ಆಕೆಗೆ ಎಚ್ಚರವಾಗಿ ಕೈ ನಿಂತಿತು. ಸಾವಕಾರರು ಒಂದು ಗಳಿಗೆ ಆ ಬೆರಳನ್ನೇ ನೋಡಿ, ಟೊಪ್ಪಿಗೆ ಹಿಂದಕ್ಕೆ ಸರಿಸಿ, ತಲೆಬಾಗಿಸಿ ಹಣೆ ಒಡ್ಡಿದರು. ಆಯಿ ಬೆರಳು ಆಡಿಸಿದಳು. ಆಕೆಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲವಲ್ಲ.

"ಗೈರರಿ," ಅಂದಳು ಮೆಲ್ಲಗೆ.

ಸಾವಕಾರರು ನಕ್ಕರು. ಸುರುವಿಗೆ ಮೀಸೆಯಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಬೆತ್ತ ಕೆಳಗೆ ಬಿತ್ತು. ನಾನು ಹೇಳಿದ್ದೇನು, ಕೆಲಸ ನಡೆದಿರುವತನಕ ತೆರೆದಿಡು ಅಂತ ಅಲ್ಲವೇ, ಮಾತು ಅಂದರೆ ಮಾತು ಅಂತ ವ್ಯಾಪಾರಿಗೆ ಹೇಳಿದರು. ವ್ಯಾಪಾರಿ ಕಬ್ಬಿಣದ ಕಡೆ ಆಸೆಯ ಕಣ್ಣು ಹಾಯಿಸಿ ಏನೋ ಅನ್ನಲಿಕ್ಕೆ ಹೋದ. ನೀನು ಬೇಕಾದರೆ ಎರಡು ಕೊಡ ನೀರು ತಂದುಕೊಟ್ಟು ಬಸ್ಸು ಹತ್ತು, ನಾವಿಬ್ಬರೂ ಗೈರು ಅಂದರು ಸಾವಕಾರರು. ಅವತ್ತು ನಮ್ಮ ಉಪ್ಪು ಚಹಾ ಕುಡಿದು ಮುಖ ಕಿವಿಚಿಕೊಂಡು ಹೋದರು. ಮತ್ತೆ ಕೀಲಿಯ ಮಾತು ಎತ್ತಲಿಲ್ಲ.

ಆಮೇಲೆ ಆಯಿ ಬದಲಾದಳು ಅಂದುಕೊಂಡರೆ ತಪ್ಪು. ಮರುದಿನ ನನ್ನ ಹಣೆ ಮತ್ತೆ ಒಣಗಿತ್ತು, ನಾನು ಮತ್ತೆ ಗೈರು. ನಿನ್ನೆ ಬೆವತವನಿಗೆ ಇವತ್ತೇನು ಧಾಡಿ ಅಂತ ಒಂದು ಬೈಗುಳ ಹೆಚ್ಚಾಯಿತು, ಅಷ್ಟೇ. ಆದರೆ ನಾನು ಹೊಳೆ ನೋಡುತ್ತ ಕೂತಾಗ ಹಾದುಹೋಗುವ ಕೋಳಿಗಳನ್ನು ಆಕೆ ಉಶ್ ಅಂತ ಅಟ್ಟುವುದನ್ನು ಕಂಡಿದ್ದೇನೆ. ಅಂವಾ ಕೆಲಸದಾಗ ಅದಾನ ಅಂತ ಕೋಳಿಗೆ ಹೇಳುತ್ತಿದ್ದಳು.

ಎಪ್ಪತ್ತರ ದಶಕ ಮುಗಿಯಲಿಕ್ಕೆ ಬಂದಾಗ ಒಂದು ಮುಂಜಾನೆ ಭೋಂಗಾ ಆಗಲಿಲ್ಲ. ಊರಿಗೆ ಊರೇ ಹೊತ್ತು ತಪ್ಪಿತು. ಎಮ್ಮೆಗಳು ಒದರಿದವು, ಸಾಲಿ ತಡವಾಯಿತು, ಬಸ್ಸಿನ ಡ್ರೈವರ್ ಚಹಾದ ಮೇಲೆ ಚಹಾ ಕುಡಿಯುತ್ತ ಕೂತೇ ಇದ್ದ. ನಾವು ಖೋಲಿಗೆ ಹೋಗಿ ನೋಡಿದರೆ ಆಯಿ ಗೋಡೆಗೆ ಒರಗಿ ಕೂತಿದ್ದಳು. ಲಾಳಿಕೆ ಮಡಿಲಲ್ಲಿ ಇತ್ತು. ಹೋಗಿಬಿಟ್ಟಿದ್ದಳು.

ನಿಡಗುಂದಿಯಿಂದ ತಮ್ಮ ಬರಬೇಕು, ಸಂಜೆಯಾಗುತ್ತದೆ. ಆಕೆಯನ್ನು ಅಂಗಳದಲ್ಲಿ ಕೂಡಿಸಿ, ವಿಭೂತಿ ಹಚ್ಚಿ, ಹೂ ಹಾಕಿ ನಾವೆಲ್ಲ ಸುತ್ತ ನಿಂತೆವು. ಊರ ಹಿರಿಯರು ಇವತ್ತು ಎಲ್ಲ ಬಂದ್ ಇಡಬೇಕು ಅಂದರು. ಆಗ ರಾಜ ಮೀಸೆ ತಿರುವುತ್ತ, ಕಣ್ಣು ಒರೆಸುತ್ತ, ಕೆಲಸ ನಿಂತರೆ ಕೀಲಿ ಹಾಕಬೇಕಲ್ಲ ಅಂದ. ಕೆಲಸ ನಿಂತ ದಿನ ಕೀಲಿ. ಆಕೆ ಸತ್ತ ದಿನವೇ ಆಕೆಯ ಮಾತು ತಪ್ಪುವುದೇ?

ಆಯಿ ಅಂಗಳದಲ್ಲಿ ಕೂತಿದ್ದ ಹಾಗೇ ನಾವೆಲ್ಲ ಕೆಲಸಕ್ಕೆ ಹೋದೆವು. ಪೇಂಟರ ಕುಂಚ ಹಿಡಿದ. ಗವಾಯಿ ಅಳುತ್ತ ಆಲಾಪ ಸುರುಮಾಡಿದ. ರಾಜ ಬಿಕ್ಕುತ್ತ ರಾಕ್ಷಸನನ್ನು ಕೊಂದ, ರಾಕ್ಷಸ ಬಿಕ್ಕುತ್ತ ಸತ್ತ. ಬ್ಯಾಂಡಿನವರು ಮದುವೆಯ ಪದ ಬಾರಿಸಿದರು, ಅವರ ಕೆಲಸ ಅದೇ ಆಗಿತ್ತು. ಮಣ್ಣಿಗೆ ಬಂದ ಊರ ಮಂದಿ ಗೇಟಿನಲ್ಲಿ ನಿಂತು, ಇವರು ಹೊಟ್ಟೆಗೆ ಅನ್ನ ತಿಂತಾರೋ ಇಲ್ಲೋ, ಹೆಣ ಮುಂದಿಟ್ಟುಕೊಂಡು ಕುಣಿಯುತ್ತಾರಲ್ಲ ಅಂತ ಬಾಯಿಗೆ ಬಂದ ಹಾಗೆ ಬೈದರು. ಬೈಯಲಿ. ನಾನು ಗಿಡದ ಬುಡದಲ್ಲಿ ಹಲಗೆ ಹಿಡಿದು ಕೂತೆ, ಹೊಳೆ ನೋಡಿದೆ. ಅಷ್ಟು ಕಷ್ಟದ ಕೆಲಸ ನಾನು ಹಿಂದೆ ಮಾಡಿರಲಿಲ್ಲ.

ಸಂಜೆ ತಮ್ಮನೂ ಬಂದ. ಕೆಲಸ ಬಿಡದೆ ಆಕೆಯನ್ನು ಎತ್ತುವಂತಿಲ್ಲ, ಭೋಂಗಾ ಆಗದೆ ಕೆಲಸ ಬಿಡುವಂತಿಲ್ಲ. ಎಲ್ಲರೂ ನನ್ನನ್ನು ನೋಡಿದರು. ಬಾಯಿಗೆ ಸಂಬಂಧಿಸಿದ್ದೆಲ್ಲ ಕವಿಯದು ಅಂತ ಅವರ ಲೆಕ್ಕ. ನಾನು ಲಾಳಿಕೆ ತಗೊಂಡು ಕಟ್ಟೆ ಹತ್ತಿ, ಇದ್ದಬಿದ್ದ ಉಸಿರೆಲ್ಲ ಕೂಡಿಸಿ ಊದಿದೆ. ಕಂಟಿಯಲ್ಲಿ ಸಿಕ್ಕ ಕರುವಿನ ದನಿ ಬಂತು. ಕಾಳಿನ ಕೋಣೆಯೊಳಗಿಂದ ಗವಾಯಿ, ಶ್ರುತಿ ಬಿಟ್ಟಿತು ಅಂದ. ಮತ್ತೆ ಊದಿದೆ. ಇನ್ನೂ ಇಳಿದಿದೆ ಅಂದ. ಅಳುವವರೂ ನಕ್ಕರು, ನಗುವವರೂ ಅತ್ತರು. ಕಣ್ಣಿಗೆ ಕತ್ತಲೆ ಬರುವತನಕ ಊದಿದೆ. ಕಪ್ಪು ಒಂದು ಸಿಗಲಿಲ್ಲ, ಆದರೆ ಹೊಳೆಯ ಆಚೆ ದಂಡೆಗೆ ಮುಟ್ಟಿತು. ಎಲ್ಲರೂ ಕೆಲಸ ಬಿಟ್ಟು ಹೊರಗೆ ಬಂದರು.

ನಾನು ಕಟ್ಟೆ ಇಳಿದೆ. ಆಯಿಯನ್ನು ಎತ್ತಲಿಕ್ಕೆ ಮುಂದೆ ಬಂದ ರಾಜ ನನ್ನ ಎದುರು ನಿಂತ. ತೋರುಬೆರಳಿನಿಂದ ನನ್ನ ಹಣೆ ಒರೆಸಿ, ಆ ಬೆರಳನ್ನು ಆಕೆಗೆ ತೋರಿಸಿ ಹೇಳಿದ:

"ಆಯಿ, ಕವಿ ಹಾಜರ."